ಎಳೀತದೆ ಅಂತ ಹೇರಬೇಡಿ

ಯಾವುದೇ ಲಾರಿಯ ಪಕ್ಕದಲ್ಲಿ, ಬಾಗಿಲಿನ ಹಿಂದೆ ಹಲಗೆಯ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಸಾಲು ಬರೆದಿರುತ್ತಾರೆ. ಯು.ಡಬ್ಲ್ಯು. ಇಷ್ಟು, ಜಿ.ವಿ.ಡಬ್ಲ್ಯು. ಇಷ್ಟು, ಪಿ.ಡಬ್ಲ್ಯು. ಇಷ್ಟು ಅಂತ. ಹಳೇ ಗಾಡಿಗಳಲ್ಲಿ ಜಿ.ವಿ.ಡಬ್ಲ್ಯು. ಬದಲು ಆರ್.ಎಲ್.ಡಬ್ಲ್ಯು. ಅಂತ ಇರುವುದೂ ಉಂಟು. ಲಾರಿಗೆ ಈರುಳ್ಳಿ ಹೇರಿಸಿ ಕಳಿಸುವ ನಮ್ಮ ರೈತರಲ್ಲಿ ನೂರಕ್ಕೆ ತೊಂಬತ್ತು ಜನ ಅದನ್ನು ಓದಿಲ್ಲ. ಓದಿದವರೂ ಅದು ಆರ್‌ಟಿಓದವರಿಗೆ ಸಂಬಂಧಪಟ್ಟ ವಿಷಯ, ನಮಗ್ಯಾಕೆ ಅಂತ ಬಿಟ್ಟಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಆ ಮೂರು ಸಾಲು ಬೇರೆ ಯಾರಿಗಿಂತಲೂ ಹೆಚ್ಚು ನಮಗೆ ಸಂಬಂಧಪಟ್ಟಿದ್ದು. ಮಾಲು ನಮ್ಮದು, ಎಷ್ಟೋ ಸಲ ಅದರ ಮೇಲೆ ಕೂತು ಹೋಗುವವರೂ ನಾವೇ.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಇಂಜಿನಿಯರ್ ಅಲ್ಲ. ಚಳ್ಳಕೆರೆ ಸೀಮೆಯಲ್ಲಿ ಮಳೆ ನಂಬಿ ಶೇಂಗಾ, ಈರುಳ್ಳಿ, ಒಂದಿಷ್ಟು ಮೆಕ್ಕೆಜೋಳ ಮಾಡುತ್ತೇನೆ. ನಮ್ಮ ನಾಲ್ಕು ಮನೆಯವರು ಸೇರಿ ಪಾಲಿನಲ್ಲಿ ಒಂದು ಹಳೇ ಲಾರಿ ಇಟ್ಟುಕೊಂಡಿದ್ದೇವೆ. ಟಾಟಾ 1612, 1999ರ ರಿಜಿಸ್ಟ್ರೇಶನ್. ಕೊಂಡಾಗಿನಿಂದ ಅದರ ವಿಷಯದಲ್ಲಿ ಪ್ರತಿ ಸುಗ್ಗಿಗೂ ನಮ್ಮಲ್ಲಿ ಒಂದೇ ಜಗಳ. ಎಷ್ಟು ಚೀಲ ಹೇರಬೇಕು? ನನ್ನ ತಮ್ಮನ ಮಗ ಹೇಳುವುದು, "ದೊಡ್ಡಪ್ಪ, ಗಾಡಿ ಎಳೀತದೆ ಬಿಡು, ಇಂಜಿನ್ ಈಗ ತಾನೇ ಬೋರ್ ಮಾಡ್ಸಿದೀವಿ." ನಾನು ಹೇಳುವುದು, ಎಳೆಯುವುದು ಬೇರೆ ಹೊರುವುದು ಬೇರೆ ಅಂತ. ಆ ಜಗಳದಿಂದಲೇ ನಾನು ಇಷ್ಟೆಲ್ಲ ತಿಳಿದುಕೊಳ್ಳಬೇಕಾಯಿತು ಅನ್ನಿ.

ಮೊದಲು ಆ ಅಕ್ಷರಗಳ ಅರ್ಥ. ಯು.ಡಬ್ಲ್ಯು. ಅಂದರೆ ಖಾಲಿ ಗಾಡಿಯ ತೂಕ. ಜಿ.ವಿ.ಡಬ್ಲ್ಯು. ಅಂದರೆ ಗಾಡಿ, ಮಾಲು, ಮನುಷ್ಯರು, ಎಲ್ಲ ಸೇರಿ ಆ ಗಾಡಿ ರಸ್ತೆ ಮೇಲೆ ತೂಗಬಹುದಾದ ಗರಿಷ್ಠ ತೂಕ. ಇದರಲ್ಲಿ ಅದನ್ನು ಕಳೆದರೆ ಉಳಿಯುವುದು ಪಿ.ಡಬ್ಲ್ಯು., ಹೇರಬಹುದಾದ ಮಾಲು. ಟಾಟಾದ ಹಳೇ ಮಾಡೆಲ್ಲುಗಳಲ್ಲಿ ಹೆಸರಿನಲ್ಲೇ ಅರ್ಧ ಕತೆ ಇದೆ. 1612 ಅಂದರೆ ಒಟ್ಟು ತೂಕ 16 ಟನ್ನು, ಇಂಜಿನ್ನು 120 ಕುದುರೆ ಶಕ್ತಿ. 1210 ಅಂದರೆ 12 ಟನ್ನು, 100 ಕುದುರೆ. ಎಷ್ಟೋ ಡ್ರೈವರುಗಳು 16 ಅಂದರೆ 16 ಟನ್ ಮಾಲು ಅಂತಲೇ ತಿಳಿದಿದ್ದಾರೆ! ಹದಿನಾರರಲ್ಲಿ ಗಾಡಿಯೂ ಸೇರಿದೆ ಅಂದರೆ ಅವರಿಗೆ ನಗು.

ನಮ್ಮ ಆರ್‌ಸಿ ಬುಕ್ಕಿನಲ್ಲಿ ಖಾಲಿ ತೂಕ 5,850 ಕಿಲೋ, ಒಟ್ಟು ತೂಕ 16,200 ಕಿಲೋ. ಲೆಕ್ಕ ಮಾಡಿದರೆ 10,350 ಕಿಲೋ ಹೇರಬಹುದು. ಆದರೆ ಇದು ಪುಸ್ತಕದ ಲೆಕ್ಕ. ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರು, ಕ್ಲೀನರು ಸೇರುವುದಿಲ್ಲ. ಮೇಲಾಗಿ 1999ರಲ್ಲಿ ಇದ್ದ ಬಾಡಿ ಈಗ ಇಲ್ಲ. ಹಿಂದಿನ ಮಾಲೀಕರು ಹಲಗೆ ಏರಿಸಿದ್ದಾರೆ, ತಳಕ್ಕೆ ತಗಡು ಹೊಡೆಸಿದ್ದಾರೆ, ಕ್ಯಾಬಿನ್ ಮೇಲೆ ಕ್ಯಾರಿಯರ್ ಕೂರಿಸಿದ್ದಾರೆ. ಟಾರ್ಪಾಲು, ಹಗ್ಗ, ಜ್ಯಾಕು, ಎರಡು ಸ್ಟೆಪ್ನಿ, ಟ್ಯಾಂಕಿನ ತುಂಬ ಡೀಸೆಲ್ಲು. ಇನ್ನೂರು ಲೀಟರ್ ಡೀಸೆಲ್ಲೇ 165 ಕಿಲೋ ಮೇಲಾಯಿತು. ಅದಕ್ಕೇ ನಾನು ಖಾಲಿ ಲಾರಿಯನ್ನು, ಡ್ರೈವರು ಕ್ಲೀನರು ಕೂತಿದ್ದ ಹಾಗೇ, ವೇಬ್ರಿಜ್ ಮೇಲೆ ಹತ್ತಿಸಿದೆ. 6,420 ಕಿಲೋ ಬಂತು! ಪುಸ್ತಕಕ್ಕಿಂತ 570 ಕಿಲೋ ಹೆಚ್ಚು. ಅಂದರೆ ಹೊಲದಲ್ಲಿ ಒಂದು ಚೀಲ ಏರುವ ಮುಂಚೆಯೇ ಹತ್ತು ಚೀಲ ಈರುಳ್ಳಿ ಏರಿ ಕೂತಂತೆ. ಉಳಿದದ್ದು 9,780 ಕಿಲೋ. ಈರುಳ್ಳಿ ಚೀಲ 55 ಕಿಲೋ ಅಂತ ಹಿಡಿದರೆ 177 ಚೀಲ.

ನಮ್ಮ ಕಡೆ ಇಂಥ ಲಾರಿಗೆ ಈರುಳ್ಳಿ ಹೇರುವುದು 220 ಚೀಲ. ಈ ಲೆಕ್ಕ ಎಲ್ಲಿಂದ ಬಂತು ಅಂತ ಹಮಾಲರನ್ನು ಕೇಳಿದೆ. "ಯಾವಾಗ್ಲೂ ಇಷ್ಟೇ ಹೇರದು ಗೌಡ್ರೆ, ಬಾಡಿ ತುಂಬಬೇಕಲ್ಲ" ಅಂದರು. ಅವರ ಲೆಕ್ಕ ಚೀಲದ್ದು, ತೂಕದ್ದಲ್ಲ. ಅದೇ 220 ಚೀಲ ಶೇಂಗಾಕಾಯಿ ಆಗಿದ್ದರೆ ಚೀಲಕ್ಕೆ 35 ಕಿಲೋ, ಒಟ್ಟು 7,700 ಕಿಲೋ. ಗಾಡಿಗೆ ಏನೂ ಆಗುವುದಿಲ್ಲ. ಕ್ವಿಂಟಾಲ್ ಚೀಲದ ರಾಗಿ ಆದರೆ 97 ಚೀಲಕ್ಕೇ ಗಾಡಿ ತುಂಬಿತು, ಬಾಡಿ ನೋಡಿದರೆ ಅರ್ಧವೂ ತುಂಬಿರುವುದಿಲ್ಲ. ಕಣ್ಣಿಗೆ ಕಾಣುವ ಜಾಗಕ್ಕೂ ಅಚ್ಚಿಗೆ ಬೀಳುವ ಭಾರಕ್ಕೂ ಸಂಬಂಧವಿಲ್ಲ. ಸುಗ್ಗಿ ಕಾಲಕ್ಕೆ ಮಳೆ ಹಿಡಿದು ಈರುಳ್ಳಿ ಹಸಿ ಇದ್ದರಂತೂ ಚೀಲ 60 ಕಿಲೋ ದಾಟುತ್ತದೆ.

ಹಿಂದಿನ ಅಚ್ಚಿನ ಕತೆ

ಹೋದ ಸುಗ್ಗಿಯಲ್ಲಿ ನಮ್ಮೂರಿಗೆ ಬಂದಿದ್ದ ಬಾಡಿಗೆ ಲಾರಿಯೊಂದು ನಮ್ಮದೇ ಮಾಡೆಲ್ಲು. 220 ಚೀಲ ಹೇರಿ ನಿಂತಿತ್ತು. ಡ್ರೈವರಿಗೆ ಚಾ ಕುಡಿಸಿ, ವೇಬ್ರಿಜ್ಜಿನ 150 ರೂಪಾಯಿ ನಾನೇ ಕೊಟ್ಟು ತೂಕ ಹಾಕಿಸಿದೆ. ಒಟ್ಟು 18,520 ಕಿಲೋ. ಆಮೇಲೆ ಹಿಂದಿನ ಚಕ್ರ ಮಾತ್ರ ತಟ್ಟೆ ಮೇಲೆ ಇರುವ ಹಾಗೆ ಮುಂದಕ್ಕೆ ಬಿಡಿಸಿ ಇನ್ನೊಂದು ಸಲ ತೂಗಿಸಿದೆ. ಹಿಂದಿನ ಅಚ್ಚು ಒಂದರ ಮೇಲೇ 12,300 ಕಿಲೋ! ನೆಲ ಮಟ್ಟಸವಾಗಿದ್ದರೆ ಈ ರೀತಿ ತೂಗಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ.

ಈ ಎರಡನೇ ತೂಕವೇ ಮುಖ್ಯ. 16.2 ಟನ್ ಅನ್ನುವುದು ಆಕಾಶದಿಂದ ಬಿದ್ದ ಸಂಖ್ಯೆ ಅಲ್ಲ. ಎರಡು ಟೈರಿನ ಮುಂದಿನ ಅಚ್ಚಿಗೆ 6 ಟನ್, ನಾಲ್ಕು ಟೈರಿನ ಹಿಂದಿನ ಅಚ್ಚಿಗೆ 10.2 ಟನ್, ಕೂಡಿದರೆ 16.2. ಹಿಂದಿನ ಅಚ್ಚಿಗೆ 10.2 ಅಂದರೆ ಒಂದೊಂದು ಟೈರಿಗೆ 2,550 ಕಿಲೋ. ನಾನು ತೂಗಿದ ಲಾರಿಯಲ್ಲಿ ಒಂದೊಂದಕ್ಕೆ 3,075 ಕಿಲೋ ಬೀಳುತ್ತಿತ್ತು. ಅದೂ ನಾಲ್ಕರಲ್ಲೂ ಗಾಳಿ ಸಮ ಇದ್ದರೆ. ಜೋಡಿ ಟೈರಿನಲ್ಲಿ ಒಳಗಿನದು ಪಂಚರ್ ಆಗಿದ್ದು ಹೊರಗಿನಿಂದ ಗೊತ್ತಾಗುವುದಿಲ್ಲ. ಆಗ ಹೊರಗಿನ ಒಂದೇ ಟೈರು ಆರು ಟನ್ ಹೊರುತ್ತಾ ಬಿಸಿಲಲ್ಲಿ ಹೋಗುತ್ತದೆ. ಅದು ರೀಸೋಲ್ ಟೈರು ಬೇರೆ. ಸಿಡಿಯದೆ ಇನ್ನೇನು ಮಾಡೀತು? ನಮ್ಮ ಡ್ರೈವರು ಹೆದ್ದಾರಿಯಲ್ಲಿ ಎಲ್ಲಿ ಚಾಕ್ಕೆ ನಿಲ್ಲಿಸಿದರೂ ವ್ಹೀಲ್ ಸ್ಪ್ಯಾನರಿನಿಂದ ಎಂಟಾಣೆ ಶಬ್ದ ಬರುವ ಹಾಗೆ ಒಳಗಿನ ಟೈರಿಗೆ ಕುಟ್ಟಿ ನೋಡುತ್ತಾನೆ. ಒಳ್ಳೇ ಅಭ್ಯಾಸ. ಗಾಳಿ ಇಲ್ಲದ ಟೈರಿನ ಶಬ್ದ ಮಂದವಾಗಿರುತ್ತದೆ.

"2018ರಲ್ಲಿ ಸರಕಾರವೇ ಜಾಸ್ತಿ ಮಾಡಿದೆಯಲ್ಲ" ಅಂತ ಕೇಳುವವರಿದ್ದಾರೆ. ನಿಜ. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಮುಂದಿನ ಅಚ್ಚಿಗೆ 7 ಟನ್, ನಾಲ್ಕು ಟೈರಿನ ಹಿಂದಿನ ಅಚ್ಚಿಗೆ 11.5 ಟನ್ ಅಂತ ಏರಿಸಿತು. ಎರಡು ಅಚ್ಚಿನ ಲಾರಿಗೆ ಒಟ್ಟು 18.5 ಟನ್. ಆದರೆ ಗೆಜೆಟ್ಟಿನಲ್ಲಿ ಅಂಕಿ ಬದಲಾದ ದಿನ ನಮ್ಮ ಲಾರಿಯ ಕಮಾನು ಪಟ್ಟಿ ದಪ್ಪ ಆಗಲಿಲ್ಲ, ಬ್ರೇಕ್ ಡ್ರಮ್ಮು ಅಗಲ ಆಗಲಿಲ್ಲ. ಅದನ್ನು ಮಾಡಿದವರು 16.2 ಟನ್ನಿಗೆ ಅಂತ ಮಾಡಿದ್ದು. ಈಗ ಅದಕ್ಕೆ ಇಪ್ಪತ್ತೈದು ವರ್ಷ ದಾಟಿದೆ. ವಯಸ್ಸಾದ ಎತ್ತಿಗೆ ಹೊರೆ ಹೆಚ್ಚು ಮಾಡುತ್ತಾರಾ ಯಾರಾದರೂ? ನಮ್ಮ ಆರ್‌ಸಿಯಲ್ಲಿ ಈಗಲೂ 16,200 ಅಂತಲೇ ಇದೆ, ನಾನು ನೋಡುವುದು ಅದನ್ನೇ. ಮೇಲಾಗಿ ನಾನು ತೂಗಿಸಿದ ಆ ಲಾರಿಯ ಹಿಂದಿನ ಅಚ್ಚು ಹೊಸ ಲೆಕ್ಕದ 11.5 ಟನ್ನನ್ನೂ ದಾಟಿತ್ತು.

ಎತ್ತು ಅಂದೆನಲ್ಲ, ಈ ಭಾರದ ಲೆಕ್ಕ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ಹೇರುವಾಗ ನಮ್ಮಪ್ಪ ಮೂಕಿ ಹಿಡಿದು ಎತ್ತಿ ನೋಡುತ್ತಿದ್ದರು. ಮುಂಭಾರ ಆದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂಭಾರ ಆದರೆ ನೊಗ ಮೇಲೆದ್ದು ಜೊತ್ತಿಗೆ ಕತ್ತು ಹಿಸುಕುತ್ತದೆ. ಎರಡೂ ಆಗದ ಹಾಗೆ ಚೀಲ ಹಿಂದೆ ಮುಂದೆ ಮಾಡಿಸುತ್ತಿದ್ದರು. ಎತ್ತಿನ ಗಾಡಿಗೆ ಎಷ್ಟು ಹೇರಬೇಕು ಅನ್ನುವುದಕ್ಕೂ 1965ರಿಂದ ಕೇಂದ್ರ ಸರಕಾರದ ನಿಯಮ ಇದೆ, ಅದು ಬೇರೆ ಮಾತು. ಎತ್ತಾದರೆ ಬಾಯಿ ಬಿಟ್ಟು ಉಸಿರು ಬಿಡುತ್ತದೆ, ಮಲಗುತ್ತದೆ, ನಮಗೆ ಗೊತ್ತಾಗುತ್ತದೆ. ಲಾರಿ ಇಂಜಿನ್ನು ಹಾಗಲ್ಲ. ಗೇರು ಇಳಿಸಿದರೆ ಎಷ್ಟು ಹೇರಿದರೂ ಎಳೆಯುತ್ತದೆ. ಅದು ಎಳೆಯುವುದನ್ನು ನೋಡಿ ಗಾಡಿ ಗಟ್ಟಿ ಇದೆ ಅಂದುಕೊಳ್ಳುವುದೇ ಮೋಸ. ಭಾರ ಹೊರುವುದು ಇಂಜಿನ್ ಅಲ್ಲ. ಕಮಾನು, ಅಚ್ಚು, ಬೇರಿಂಗು, ಟೈರು. ನಿಲ್ಲಿಸುವುದಂತೂ ಬ್ರೇಕು.

ಬ್ರೇಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಹೋಗುವುದು ಅಲ್ಲೇ. ಹಳೇ ಲಾರಿಗಳದ್ದು ಡ್ರಮ್ ಬ್ರೇಕು. ಇಳಿಜಾರಿನಲ್ಲಿ ಕಾಲು ಒತ್ತಿಕೊಂಡೇ ಬಂದರೆ ಡ್ರಮ್ಮು ಕಾಯುತ್ತದೆ. ಕಾದ ಡ್ರಮ್ಮು ಹಿಗ್ಗುತ್ತದೆ, ಲೈನರಿನಿಂದ ದೂರ ಸರಿಯುತ್ತದೆ. ಲೈನರೂ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗಾಳಿಯ ಮೀಟರು ಸರಿಯಾಗೇ ತೋರಿಸುತ್ತಿರುತ್ತದೆ, ಪೆಡಲು ಕೆಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಹೆಚ್ಚಿದ ಒಂದೊಂದು ಟನ್ನೂ ಆ ಡ್ರಮ್ಮಿನಲ್ಲೇ ಬಿಸಿಯಾಗಿ ಹೋಗಬೇಕು, ಬೇರೆ ದಾರಿ ಇಲ್ಲ. ವೇಗದ್ದು ಇನ್ನೂ ಕೆಟ್ಟದ್ದು. 50ರಲ್ಲಿ ಹೋಗುವ ಗಾಡಿ 60ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಒಂದೂವರೆ ಪಟ್ಟು ಹತ್ತಿರ ಆಗುತ್ತದೆ. ಮೆಕ್ಕೆಜೋಳ ಹೇರಿಕೊಂಡು ಶಿರಾಡಿ ಘಾಟಿ ಇಳಿಯುವ ಹಳೇ ಡ್ರೈವರುಗಳು ಹೇಳುವ ಮಾತು ಸರಿ, ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುತ್ತೇನೆ ಅನ್ನುವ ಡ್ರೈವರನ್ನು ಅವತ್ತೇ ಕೆಲಸದಿಂದ ಬಿಡಿಸಬೇಕು.

ಗಿಟ್ಟುತ್ತಾ ಇಲ್ಲವಾ

ನನ್ನ ತಮ್ಮನ ಮಗನ ವಾದವನ್ನೂ ಹೇಳದಿದ್ದರೆ ಅನ್ಯಾಯ. ಅವನು ಓದಿದವನು, ಲೆಕ್ಕ ಗಟ್ಟಿ. ಬೆಂಗಳೂರು ಯಶವಂತಪುರಕ್ಕೆ ಚೀಲಕ್ಕೆ 60 ರೂಪಾಯಿ ಬಾಡಿಗೆ. 177 ಚೀಲ ಅಂದರೆ 10,620. ಇನ್ನೂರು ಕಿಲೋಮೀಟರು ಹೋಗಿ ಬರುವ ಡೀಸೆಲ್ಲು, ಟೋಲು, ಡ್ರೈವರ್ ಬತ್ತ, ಎಲ್ಲ ಕಳೆದರೆ ಕೈಗೆ ಸಿಗುವುದು ಅತ್ಯಲ್ಪ. ಮೇಲಿನ 43 ಚೀಲದ 2,580 ರೂಪಾಯಿಯೇ ಲಾಭ ಅನ್ನುತ್ತಾನೆ. "ಬೇರೆಯೋರು 220 ಹೇರ್ತಾರೆ ದೊಡ್ಡಪ್ಪ, ನಾವು 177 ಅಂದ್ರೆ ಚೀಲಕ್ಕೆ 75 ಕೇಳ್ಬೇಕಾಯ್ತದೆ, ಯಾರು ಕೊಡ್ತಾರೆ?"

ಇದರಲ್ಲಿ ಸುಳ್ಳಿಲ್ಲ. ಅವನು ಹೇಳುವ 75 ರೂಪಾಯಿ ಕೂಡ ಲೆಕ್ಕಕ್ಕೆ ಸರಿಯಾಗಿದೆ. ಆದರೆ ಅವನ ಲೆಕ್ಕದಲ್ಲಿ ಖರ್ಚಿನ ಕಾಲಮ್ಮು ಅರ್ಧ ಖಾಲಿ ಇದೆ. ಹಿಂದಿನ ಒಂದು ಹೊಸ ಟೈರು ಇಪ್ಪತ್ತು ಸಾವಿರದ ಆಸುಪಾಸು. ಕಮಾನಿನ ಮೇನ್ ಪಟ್ಟಿ ಮುರಿದರೆ ಎರಡು ದಿನ ಗಾಡಿ ನಿಂತಿತು, ಸುಗ್ಗಿಯಲ್ಲಿ ಎರಡು ದಿನ ಅಂದರೆ ಏನು ಅಂತ ಈರುಳ್ಳಿ ಬೆಳೆದವರಿಗೆ ಹೇಳಬೇಕಿಲ್ಲ. ಇನ್ನು ದಂಡ. ಮೊದಲು ಮೋಟಾರು ವಾಹನ ಕಾಯಿದೆಯಲ್ಲಿ ಹೆಚ್ಚು ಭಾರಕ್ಕೆ ಕನಿಷ್ಠ 2,000 ರೂಪಾಯಿ, ಮೇಲೆ ಟನ್ನಿಗೆ 1,000 ಇತ್ತು. 2019ರ ತಿದ್ದುಪಡಿಯಲ್ಲಿ ಅದು 20,000 ಆಯಿತು, ಮೇಲೆ ಟನ್ನಿಗೆ 2,000. ಎರಡು ಟನ್ ಹೆಚ್ಚಿದ್ದರೆ 24,000. 43 ಚೀಲದ ಲಾಭದ ಒಂಬತ್ತು ಟ್ರಿಪ್ಪು ಒಂದೇ ರಸೀದಿಯಲ್ಲಿ ಹೋಯಿತು. ದಂಡ ಕಟ್ಟಿದ ಮಾತ್ರಕ್ಕೆ ಬಿಡುವುದೂ ಇಲ್ಲ. ಹೆಚ್ಚಿನ ಮಾಲು ಇಳಿಸದೆ ಗಾಡಿ ಕದಲಬಾರದು ಅಂತ ಕಾಯಿದೆಯಲ್ಲೇ ಇದೆ, 2005ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಹೇಳಿತು, ದುಡ್ಡು ಕಟ್ಟಿಸಿಕೊಂಡು ಹಾಗೇ ಕಳಿಸಬೇಡಿ ಅಂತ. ಇಳಿಸಿದ ಮಾಲಿನ ಜವಾಬ್ದಾರಿ ಗಾಡಿಯವರದ್ದೇ. ಮಳೆಯಲ್ಲಿ ರಸ್ತೆ ಬದಿ ಇಳಿಸಿದ 43 ಚೀಲ ಈರುಳ್ಳಿಯನ್ನು ಯಾರು ಕಾಯಬೇಕು? ಅದು ಯಾರ ಚೀಲ? ಲಾರಿಯವನದ್ದಲ್ಲ, ನಮ್ಮದು.

"ಎಲ್ಲಾ ಕಡೆ ಹಿಡಿಯಲ್ಲ, ಏನೋ ಕೊಟ್ಟು ಹೋಗ್ತಾರೆ" ಅಂತ ಹೇಳುವವರಿಗೆ ನಾನೇನೂ ಹೇಳುವುದಿಲ್ಲ. ಆ ಕೊಡುವುದನ್ನೂ ಖರ್ಚಿಗೆ ಹಿಡಿಯಲಿ, ಅಷ್ಟೆ.

ಅಸಲಿಗೆ ರೋಗ ಇರುವುದು ಚೀಲದ ಲೆಕ್ಕದ ಬಾಡಿಗೆಯಲ್ಲಿ. ಚೀಲಕ್ಕೆ ಇಷ್ಟು ಅಂದಮೇಲೆ ಲಾರಿಯವನಿಗೆ ಚೀಲ ಹೆಚ್ಚಿಸುವ ಆಸೆ. ನಮಗೆ ಚೀಲವನ್ನು ದೊಡ್ಡದು ಮಾಡುವ ಆಸೆ, 50 ಕಿಲೋ ಚೀಲಕ್ಕೆ 60 ತುರುಕುತ್ತೇವೆ, ಬಾಡಿಗೆ ಉಳಿಯಿತು ಅಂತ. ಎರಡೂ ಆಸೆ ಸೇರಿ ಹಿಂದಿನ ಅಚ್ಚಿನ ಮೇಲೆ ಕೂರುತ್ತವೆ. ಬಾಡಿಗೆ ಕ್ವಿಂಟಾಲಿಗೆ ಇಷ್ಟು ಅಂತ ಆಗಬೇಕು, ಹೊರಡುವ ಮುಂಚೆ ವೇಬ್ರಿಜ್ ಚೀಟಿ ಕೈಗೆ ಬರಬೇಕು. ಇದರಿಂದ ಇನ್ನೊಂದು ಅನುಕೂಲವೂ ಇದೆ. ಮಂಡಿಯಲ್ಲಿ ದಲ್ಲಾಲಿ ತೂಕ ಕಡಿಮೆ ಬಂತು ಅಂದಾಗ ತೋರಿಸಲು ನಮ್ಮ ಹತ್ತಿರ ಒಂದು ಕಾಗದ ಇರುತ್ತದೆ. ನಮ್ಮ ನಾಲ್ಕು ಮನೆಯಲ್ಲಿ ಎರಡು ಮನೆ ಇದಕ್ಕೆ ಒಪ್ಪಿದೆ. ಒಂದು ಮನೆಯವರು ನೋಡೋಣ ಅಂದಿದ್ದಾರೆ.

ರಸ್ತೆಯ ಮಾತನ್ನೂ ಸೇರಿಸುತ್ತೇನೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೇರೆ ಬೇರೆ ಭಾರದ ಲಾರಿಗಳನ್ನು ವರ್ಷಗಟ್ಟಲೆ ಓಡಿಸಿ ರಸ್ತೆ ಎಷ್ಟು ಹಾಳಾಗುತ್ತದೆ ಅಂತ ನೋಡಿದರಂತೆ. ಅಚ್ಚಿನ ಭಾರ ದುಪ್ಪಟ್ಟಾದರೆ ರಸ್ತೆಯ ಹಾಳು ದುಪ್ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ಆ ಲೆಕ್ಕ ಹಿಡಿದರೆ 10.2 ಟನ್ನಿನ ಅಚ್ಚಿಗೆ 12.3 ಟನ್ ಹೇರಿದ ಲಾರಿ ಒಂದು ಸಲ ಹೋದರೆ ಸರಿಯಾಗಿ ಹೇರಿದ ಲಾರಿ ಎರಡು ಸಲ ಹೋದದ್ದಕ್ಕಿಂತ ಹೆಚ್ಚು ಹಾಳು. ಗ್ರಾಮ ಸಡಕ್ ಯೋಜನೆಯಲ್ಲಿ ಬಂದ ನಮ್ಮೂರ ರಸ್ತೆ ಹೊಂಡ ಬಿದ್ದಿದ್ದಕ್ಕೆ ನಾವು ಕಂಟ್ರಾಕ್ಟರನನ್ನು ಬೈಯುತ್ತೇವೆ. ಬೈಯಬೇಕಾದ್ದೇ. ಆದರೆ ಆ ರಸ್ತೆಯ ಮೇಲೆ ನಮ್ಮ ಈರುಳ್ಳಿಯೂ ಹೋಗಿದೆಯಲ್ಲ.

ಟ್ರ್ಯಾಕ್ಟರಿನ ಹಿಂದೆ

ಲಾರಿ ಇಲ್ಲದವರು ನಮಗಿದು ಬೇಡ ಅನ್ನಬೇಡಿ. ಟ್ರ್ಯಾಕ್ಟರ್ ಟ್ರೇಲರಿಗೂ ಇದೇ ಮಾತು. ಟ್ರೇಲರಿಗೆ ಬೇರೆಯೇ ಆರ್‌ಸಿ, ಬೇರೆಯೇ ತೂಕ ಇರುತ್ತದೆ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯುತ್ತೇವಲ್ಲ, 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರಿಗೆ ಒಣ ಗೋಡು ಮಟ್ಟಸ ಹೇರಿದರೆ ಹೆಚ್ಚುಕಡಿಮೆ 4 ಟನ್. ಅದೇ ಗೋಡು ಹಸಿ ಇದ್ದರೆ 6 ಟನ್ ಹತ್ತಿರ. ಜೆಸಿಬಿಯವನು ಮೇಲೆ ಒಂದು ಬಕೆಟ್ ಗೋಪುರ ಮಾಡಿ ಕಳಿಸುತ್ತಾನೆ. ಟ್ರ್ಯಾಕ್ಟರಿನ ತೂಕವೇ ಎರಡು ಟನ್ ಆಸುಪಾಸು. ಆರು ಟನ್ ಹಿಂದಿನಿಂದ ತಳ್ಳಿದರೆ ಎರಡು ಟನ್ನು ಹೇಗೆ ತಡೆದೀತು? ಟ್ರೇಲರಿನಲ್ಲಿ ಬ್ರೇಕು ಇದ್ದರೂ ಹತ್ತರಲ್ಲಿ ಎಂಟಕ್ಕೆ ಜೋಡಿಸಿರುವುದಿಲ್ಲ. ಕೆರೆ ಏರಿ ಇಳಿಯುವಾಗ ಟ್ರ್ಯಾಕ್ಟರ್ ಮಡಚಿಕೊಂಡು ಬೀಳುವುದು ಹೀಗೆ.

ಎರಡು ಚಕ್ರದ ಟ್ರೇಲರಿನಲ್ಲಿ ಎತ್ತಿನ ಗಾಡಿಯ ನಿಯಮವೇ. ಮುಂಭಾರ ಹೆಚ್ಚಾದರೆ ಹುಕ್ಕಿನ ಮೇಲೆ ಭಾರ ಬಿದ್ದು ಟ್ರ್ಯಾಕ್ಟರಿನ ಮೂತಿ ಹಗುರ ಆಗುತ್ತದೆ, ಸ್ಟೇರಿಂಗು ತಿರುಗಿಸಿದರೂ ತಿರುಗುವುದಿಲ್ಲ. ಹಿಂಭಾರ ಆದರೆ ಹುಕ್ಕು ಮೇಲಕ್ಕೆ ಎತ್ತಿ ಹಿಂದಿನ ದೊಡ್ಡ ಚಕ್ರ ಹಿಡಿತ ಬಿಡುತ್ತದೆ. ಕೆಸರಲ್ಲಿ ಹೂತ ಲಾರಿ ಎಳೆಯಲು ಟ್ರ್ಯಾಕ್ಟರ್ ಕರೆಸುವುದು ನಮ್ಮಲ್ಲಿ ಮಾಮೂಲು. ಹಗ್ಗವನ್ನೋ ಚೈನನ್ನೋ ಯಾವತ್ತೂ ಕೆಳಗಿನ ಹುಕ್ಕಿಗೇ ಕಟ್ಟಬೇಕು. ಮೇಲೆ ಟಾಪ್‌ಲಿಂಕ್ ಜಾಗಕ್ಕೆ, ಹಿಂದಿನ ಅಚ್ಚಿಗಿಂತ ಎತ್ತರಕ್ಕೆ ಕಟ್ಟಿ ಎಳೆದರೆ ಹೂತದ್ದು ಬರುವುದಿಲ್ಲ, ಟ್ರ್ಯಾಕ್ಟರೇ ಮುಂದೆ ಎದ್ದು ಡ್ರೈವರಿನ ಮೇಲೆ ಮಗುಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಕ್ಲಚ್ ಒತ್ತಲು ಪುರುಸೊತ್ತು ಇರುವುದಿಲ್ಲ. ಇಂಜಿನ್ ಕೆಟ್ಟು ನಿಂತ ಲಾರಿಯನ್ನು ಮಾಲಿನ ಸಮೇತ ಎಳೆಯುವುದೂ ಬೇಡ. ಇಂಜಿನ್ ಓಡದಿದ್ದರೆ ಗಾಳಿ ತುಂಬುವುದಿಲ್ಲ, ಟ್ಯಾಂಕಿನಲ್ಲಿ ಇದ್ದದ್ದು ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಮೊದಲು ಮಾಲು ಇಳಿಸಿ.

ಇನ್ನು ಹುಲ್ಲು. ಭಾರ ಇಲ್ಲ ಅಂತ ಹನ್ನೆರಡು ಹದಿನಾಲ್ಕು ಅಡಿ ಎತ್ತರಕ್ಕೆ ಹೇರುತ್ತಾರೆ. ತೂಕ ಕಡಿಮೆ ಇದ್ದರೂ ಭಾರ ಮೇಲಿದ್ದರೆ ತಿರುವಿನಲ್ಲಿ ಮಗುಚುತ್ತದೆ, ಊರೊಳಗೆ ಜೋತುಬಿದ್ದ ಕರೆಂಟಿನ ತಂತಿ ತಗುಲಿ ಹೊತ್ತಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿದೆ, ಬರೆಯುವುದೇನಿಲ್ಲ.

ಚೀಲದ ಮೇಲೆ ಕೂತವರು

ನಾನು ಇದನ್ನೆಲ್ಲ ಬರೆಯಲು ಕೂತದ್ದಕ್ಕೆ ಕಾರಣ ಮಾತ್ರ ಬೇರೆ. ಎರಡು ವರ್ಷದ ಹಿಂದೆ ಪಕ್ಕದೂರಿನ ಈರುಳ್ಳಿ ಲಾರಿ ರಾತ್ರಿ ಹೆದ್ದಾರಿಯಲ್ಲಿ ಹಿಂದಿನ ಟೈರು ಸಿಡಿದು ಪಕ್ಕಕ್ಕೆ ಮಲಗಿತು. ಕ್ಯಾಬಿನ್ನಿನಲ್ಲಿದ್ದ ಮೂವರಿಗೆ ತರಚು ಗಾಯ. ಚೀಲದ ಮೇಲೆ ಟಾರ್ಪಾಲು ಹೊದ್ದು ಮಲಗಿದ್ದ ಇಬ್ಬರಲ್ಲಿ ಒಬ್ಬರು ಉಳಿಯಲಿಲ್ಲ. ಮೂರೆಕರೆ ಈರುಳ್ಳಿಯ ರೈತ, ನನಗಿಂತ ಹತ್ತು ವರ್ಷ ಚಿಕ್ಕವರು. ಆ ಲಾರಿಯಲ್ಲಿ ಎಷ್ಟು ಚೀಲ ಇತ್ತು ಅಂತ ಕೇಳಿದರೆ ಎಲ್ಲರೂ ಹೇಳುವುದು, "ಯಾವಾಗ್ಲೂ ಹೇರೋ ಅಷ್ಟೇ."

ನಾವು ಮಾಲಿನ ಜೊತೆ ಹೋಗುವುದು ಯಾಕೆ? ಮಂಡಿಯಲ್ಲಿ ಮೋಸ ಆಗಬಾರದು, ದುಡ್ಡು ಕೈಯಲ್ಲಿ ತರಬೇಕು ಅಂತ. ಬಸ್ಸಿನ ಚಾರ್ಜು ಉಳಿಯಲಿ ಅಂತ ಲಾರಿ ಹತ್ತುತ್ತೇವೆ. ಕ್ಯಾಬಿನ್ ತುಂಬಿದರೆ ಮೇಲೆ. ವಿಮೆಯ ವಿಷಯ ತಿಳಿದಿರಲಿ. 1994ರ ತಿದ್ದುಪಡಿಯಿಂದ ಸರಕು ಗಾಡಿಯಲ್ಲಿ ಹೋಗುವ ಮಾಲಿನ ಮಾಲೀಕನಿಗೂ ಅವನ ಕಡೆಯವನಿಗೂ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿದವರಿಗೆ ಇಲ್ಲ. ಮಾಲೀಕ ಅಂದರೂ ಕ್ಯಾಬಿನ್ನಿನಲ್ಲಿ ಕೂತವನು ಅಂತ 2007ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಆಗಿದೆ. ಚೀಲದ ಮೇಲೆ ಮಲಗಿ ಹೋದವನ ಹೆಂಡತಿ ಮಕ್ಕಳು ಕೋರ್ಟು ತಿರುಗಬೇಕು, ವಿಮೆಯವರು ಮೊದಲು ಕೇಳುವುದೇ ಎಲ್ಲಿ ಕೂತಿದ್ದರು ಅಂತ. ಗಾಡಿಗೆ ಎಫ್‌ಸಿ ಇತ್ತಾ, ಭಾರ ಎಷ್ಟಿತ್ತು ಅಂತಲೂ ಕೇಳುತ್ತಾರೆ. ಆ ರೈತರ ಮನೆಯವರು ಇನ್ನೂ ತಿರುಗುತ್ತಿದ್ದಾರೆ.

ಆ ಲಾರಿಯ ಮಾಲೀಕರದ್ದೋ ಡ್ರೈವರದ್ದೋ ತಪ್ಪು ಅಂತ ಹೇಳಿ ನಾವು ಕೈತೊಳೆದುಕೊಳ್ಳಬಹುದು. ಹೇರಿಸಿದವರು ಯಾರು? "ಇನ್ನ ಹತ್ತು ಚೀಲ ಉಳೀತವೆ, ಅದನ್ನೂ ಹಾಕ್ಕೊಂಡು ಹೋಗಪ್ಪ" ಅಂತ ಡ್ರೈವರಿಗೆ ದಮ್ಮಯ್ಯ ಹಾಕುವವರು ಯಾರು? ನಾನು ಕಂಡ ಮಟ್ಟಿಗೆ ಎಷ್ಟೋ ಡ್ರೈವರುಗಳು ಬೇಡ ಅನ್ನುತ್ತಾರೆ. ನಾವು ಬಿಡುವುದಿಲ್ಲ.

ಹಾಗಂತ ಹಳೇ ಲಾರಿ ಇಡಲೇಬಾರದು ಅನ್ನುವವನಲ್ಲ ನಾನು. ಹೊಸ ಗಾಡಿಯ ಕಂತು ಕಟ್ಟುವ ತಾಕತ್ತು ಒಣಬೇಸಾಯದವರಿಗೆ ಎಲ್ಲಿದೆ? ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಹದಿನೈದು ವರ್ಷ ದಾಟಿದ ಮೇಲೆ ಅದರ ಶುಲ್ಕವೂ ಬಹಳ ಏರಿದೆ. ಅದು ಕಷ್ಟವೇ. ಆದರೆ 16 ಟನ್ನಿನ ಹಳೇ ಲಾರಿಯನ್ನು 15 ಟನ್ನಿನ ಲಾರಿ ಅಂತ ತಿಳಿದು ನಡೆಸಿದರೆ ಇನ್ನೂ ಕೆಲವು ವರ್ಷ ನಮ್ಮ ಕೆಲಸಕ್ಕೆ ಬರುತ್ತದೆ. 18ರದ್ದು ಅಂತ ನಡೆಸಿದರೆ ಗುಜರಿಗೆ ಹಾಕುವ ಮುಂಚೆ ಯಾರನ್ನಾದರೂ ತಿನ್ನುತ್ತದೆ.

ಈ ಸಲದ ಈರುಳ್ಳಿಗೆ ನಾನು ಪಾಲುದಾರರ ಮುಂದೆ ಇಟ್ಟಿರುವ ಮಾತು ಇಷ್ಟು. 165 ಚೀಲ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಚೀಲ ಮುಂದಿನ ಹಲಗೆಗೆ ಒತ್ತಿ ಜೋಡಿಸಬೇಕು, ಹಿಂದಿನ ಬಾಗಿಲ ಹತ್ತಿರ ಎತ್ತರ ಇಳಿಯಬೇಕು. ಬಾಡಿಗೆ ಕ್ವಿಂಟಾಲಿನ ಮೇಲೆ. ಕ್ಯಾಬಿನ್ನಿನಲ್ಲಿ ಎಷ್ಟು ಜನಕ್ಕೆ ಜಾಗ ಇದೆಯೋ ಅಷ್ಟೇ ಜನ, ಉಳಿದವರಿಗೆ ಬಸ್ ಚಾರ್ಜು ಲಾರಿ ಲೆಕ್ಕದಿಂದ ಕೊಡುವುದು. ಈ ಕಡೆಯದಕ್ಕೆ ನನ್ನ ತಮ್ಮನ ಮಗನೂ ಒಪ್ಪಿದ್ದಾನೆ. 165ಕ್ಕೆ ಒಪ್ಪಿಲ್ಲ, 190 ಅಂತ ಕೂತಿದ್ದಾನೆ. ಮುಂದಿನ ಅಮಾವಾಸ್ಯೆಗೆ ನಾಲ್ಕು ಮನೆಯವರೂ ಕೂರುತ್ತೇವೆ, ವೇಬ್ರಿಜ್ಜಿನ ಮೂರು ಚೀಟಿಯನ್ನೂ ತೆಗೆದಿಟ್ಟಿದ್ದೇನೆ. ಅಷ್ಟರಲ್ಲಿ ಹಿಂದಿನ ಎರಡು ಬ್ರೇಕ್ ಡ್ರಮ್ಮು ಬದಲಾಯಿಸಬೇಕು, ಮೆಕ್ಯಾನಿಕ್ಕು ಬಿಚ್ಚಿ ತೋರಿಸಿದ, ಒಂದರಲ್ಲಿ ಬಿರುಕು ಕಾಣುತ್ತಿದೆ.